ಬೊಜ್ಜಿನೊಳಗಿನ ಕಿಡಿ ಮತ್ತು ಆಂಟಿಆಕ್ಸಿಡೆಂಟ್ ಮಾತ್ರೆ

ಗಾಯಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಹಾಕುವುದನ್ನು ನೋಡಿದ್ದೀರಾ? ಒಂದೆರಡು ಹನಿ ಬಿದ್ದ ತಕ್ಷಣ ಬಿಳಿ ನೊರೆ ಬುಸ್ಸೆಂದು ಉಕ್ಕುತ್ತದೆ. "ನೋಡು, ಕೀಟಾಣು ಸಾಯ್ತಾ ಇವೆ" ಅಂತ ಚಿಕ್ಕಂದಿನಲ್ಲಿ ನನಗೆ ಹೇಳಿದ್ದರು. ಬಹಳ ವರ್ಷ ಹಾಗೇ ನಂಬಿದ್ದೆ. ಆದರೆ ಆ ನೊರೆ ಕೀಟಾಣುಗಳದ್ದಲ್ಲ, ನಮ್ಮದೇ. ನಮ್ಮ ರಕ್ತದಲ್ಲಿ, ಕೋಶಗಳಲ್ಲಿ ಕ್ಯಾಟಲೇಸ್ ಎಂಬ ಕಿಣ್ವ ಇದೆ. ಪೆರಾಕ್ಸೈಡ್ ಕಂಡರೆ ಸಾಕು, ಅದನ್ನು ಒಡೆದು ನೀರು ಮತ್ತು ಆಮ್ಲಜನಕ ಮಾಡಿಬಿಡುತ್ತದೆ. ಗುಳ್ಳೆಯೊಳಗೆ ಇರುವುದು ಆ ಆಮ್ಲಜನಕ. ಕ್ಯಾಟಲೇಸ್‌ನ ಒಂದೇ ಒಂದು ಅಣು ಸೆಕೆಂಡಿಗೆ ಲಕ್ಷಗಟ್ಟಲೆ ಪೆರಾಕ್ಸೈಡ್ ಅಣುಗಳನ್ನು ಮುಗಿಸುತ್ತದೆ.

ಬಾಟಲಿಯಲ್ಲಿ ಬರುವ ಒಂದು ಕೆಮಿಕಲ್ ಒಡೆಯಲು ಮೈಯೊಳಗೆ ಇಷ್ಟು ಚುರುಕಾದ ಕಿಣ್ವ ಯಾಕೆ ಕಾದು ಕೂತಿದೆ? ಯಾಕೆಂದರೆ ಪೆರಾಕ್ಸೈಡ್ ನಮ್ಮ ಮೈಗೆ ಹೊಸದಲ್ಲ. ನಮ್ಮ ಕೋಶಗಳು ಅದನ್ನು ಹಗಲೂ ರಾತ್ರಿ ತಯಾರಿಸುತ್ತಲೇ ಇರುತ್ತವೆ.

ಆಂಟಿಆಕ್ಸಿಡೆಂಟ್ ಬಗ್ಗೆ ಮಾತಾಡುವಾಗ ಈ ನೊರೆಯನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು. ಏಕೆಂದರೆ ನಾವು ಸಾಮಾನ್ಯವಾಗಿ ಕೇಳುವ ಕತೆ ಬೇರೆ. ಮೈಯಲ್ಲಿ ಕೊಬ್ಬು ಜಾಸ್ತಿಯಾದರೆ ಫ್ರೀ ರ್ಯಾಡಿಕಲ್‌ಗಳು ಹುಟ್ಟುತ್ತವೆ, ಅವು ಕೋಶಗಳನ್ನು ಹಾಳು ಮಾಡುತ್ತವೆ, ಆಂಟಿಆಕ್ಸಿಡೆಂಟ್‌ಗಳು ಅವನ್ನು ಕೊಲ್ಲುತ್ತವೆ, ಆದ್ದರಿಂದ ಡಬ್ಬಿಯಲ್ಲಿ ಸಿಗುವ ಆಂಟಿಆಕ್ಸಿಡೆಂಟ್ ತೆಗೆದುಕೊಳ್ಳಿ. ಈ ಕತೆಯ ಮೊದಲರ್ಧ ಹೆಚ್ಚುಕಡಿಮೆ ಸರಿ. ಕೊನೆಯ ವಾಕ್ಯದಲ್ಲಿ ಎಡವಟ್ಟಿದೆ.

ಕೈ ತಪ್ಪಿ ಬೀಳುವ ಇಟ್ಟಿಗೆ

ತಿಂದ ಅನ್ನ ಶಕ್ತಿಯಾಗುವುದು ಕೋಶದೊಳಗಿನ ಮೈಟೊಕಾಂಡ್ರಿಯ ಎಂಬ ಪುಟ್ಟ ಒಲೆಗಳಲ್ಲಿ. ಅಲ್ಲಿ ಆಹಾರದಿಂದ ಕಿತ್ತ ಎಲೆಕ್ಟ್ರಾನ್‌ಗಳು ಒಂದು ಪ್ರೋಟೀನಿನಿಂದ ಇನ್ನೊಂದಕ್ಕೆ ದಾಟುತ್ತಾ ಹೋಗುತ್ತವೆ. ಮನೆ ಕಟ್ಟುವಾಗ ಕೆಲಸಗಾರರು ಸಾಲಾಗಿ ನಿಂತು ಇಟ್ಟಿಗೆಯನ್ನು ಕೈಯಿಂದ ಕೈಗೆ ದಾಟಿಸುತ್ತಾರಲ್ಲ, ಹಾಗೆ. ಸಾಲಿನ ತುದಿಯಲ್ಲಿ ಆಮ್ಲಜನಕ ನಿಂತಿರುತ್ತದೆ. ಆಮ್ಲಜನಕದ ಒಂದು ಅಣುವಿಗೆ 4 ಎಲೆಕ್ಟ್ರಾನ್ ಸರಿಯಾಗಿ ಸಿಕ್ಕರೆ ಅದು ನೀರಾಗುತ್ತದೆ. ತಂಟೆ ಇಲ್ಲ, ತಕರಾರಿಲ್ಲ.

ಆದರೆ ಆಗಾಗ ಸಾಲಿನ ನಡುವೆ ಒಂದು ಇಟ್ಟಿಗೆ ಕೈ ತಪ್ಪುತ್ತದೆ. ದಾರಿಯಲ್ಲಿ ಸುಳಿದಾಡುತ್ತಿದ್ದ ಆಮ್ಲಜನಕದ ಅಣುವಿಗೆ ಒಂದೇ ಒಂದು ಎಲೆಕ್ಟ್ರಾನ್ ಸಿಕ್ಕಿಬಿಡುತ್ತದೆ. ಆಗ ಅದು ಸೂಪರ್‌ಆಕ್ಸೈಡ್. ಇದೇ ಫ್ರೀ ರ್ಯಾಡಿಕಲ್. ಅಂದರೆ ಜೊತೆಯಿಲ್ಲದ ಒಂಟಿ ಎಲೆಕ್ಟ್ರಾನ್ ಇಟ್ಟುಕೊಂಡಿರುವ, ಅದಕ್ಕೇ ನೆಮ್ಮದಿ ಇಲ್ಲದ ಅಣು. ರಸಾಯನಶಾಸ್ತ್ರದವರಿಗೆ ಇಂಥ ಅಣುಗಳು 1900ರಿಂದ ಗೊತ್ತು. ಅಮೆರಿಕದ ಮಿಶಿಗನ್‌ನಲ್ಲಿ ಮೋಸೆಸ್ ಗೊಂಬರ್ಗ್ ಮೊದಲು ಒಂದನ್ನು ಹಿಡಿದು ತೋರಿಸಿದರು. ಆದರೆ ಜೀವಂತ ಮೈಯೊಳಗೂ ಇವು ಇರಬಹುದು ಎಂಬುದನ್ನು ಬಹಳ ಕಾಲ ಯಾರೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. 1956ರಲ್ಲಿ ಡೆನ್‌ಹ್ಯಾಮ್ ಹಾರ್ಮನ್ ಎಂಬವರು ಮುಪ್ಪಿಗೆ ಇವೇ ಕಾರಣ ಅಂದರು. ಆಗಲೂ ಹೆಚ್ಚಿನವರು ಕಿವಿಗೊಡಲಿಲ್ಲ. 1969ರಲ್ಲಿ ಜೋ ಮೆಕಾರ್ಡ್ ಮತ್ತು ಇರ್ವಿನ್ ಫ್ರಿಡೊವಿಚ್ ಸೂಪರ್‌ಆಕ್ಸೈಡ್ ಅನ್ನು ಮುಗಿಸುವುದಕ್ಕೆಂದೇ ಇರುವ ಕಿಣ್ವವೊಂದನ್ನು ಕಂಡುಹಿಡಿದರು. ಅಲ್ಲಿಗೆ ವಾದ ಬದಲಾಯಿತು. ಕಾವಲುಗಾರ ಇದ್ದಾನೆ ಅಂದ ಮೇಲೆ ಕಳ್ಳನೂ ಇರಲೇಬೇಕು, ಅಲ್ವಾ?

ಆ ಕಿಣ್ವದ ಹೆಸರು ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್. ಅದು ಸೂಪರ್‌ಆಕ್ಸೈಡ್ ಅನ್ನು ಹೈಡ್ರೋಜನ್ ಪೆರಾಕ್ಸೈಡ್ ಮಾಡುತ್ತದೆ. ಮುಂದಿನ ಕೆಲಸ ನಮ್ಮ ನೊರೆಯ ಗೆಳೆಯ ಕ್ಯಾಟಲೇಸ್‌ನದ್ದು, ಜೊತೆಗೆ ಗ್ಲುಟಾಥಯೋನ್ ಪೆರಾಕ್ಸಿಡೇಸ್ ಎಂಬ ಇನ್ನೊಂದರದ್ದು. ಕೊನೆಗೆ ಉಳಿಯುವುದು ನೀರು.

ಈ ಸಾಲಿನಲ್ಲಿ ಎಲ್ಲಾದರೂ ತಡವಾದರೆ ಕಷ್ಟ. ಪೆರಾಕ್ಸೈಡ್‌ಗೆ ಕಬ್ಬಿಣದ ಅಯಾನು ಸಿಕ್ಕರೆ ಹೈಡ್ರಾಕ್ಸಿಲ್ ರ್ಯಾಡಿಕಲ್ ಹುಟ್ಟುತ್ತದೆ. ಹೆನ್ರಿ ಫೆಂಟನ್ 1894ರಲ್ಲಿ ಬರೆದಿಟ್ಟ ರಾಸಾಯನಿಕ ಕ್ರಿಯೆ ಇದು. ಹೈಡ್ರಾಕ್ಸಿಲ್ ಎಂಥ ಮುಂಗೋಪಿ ಅಂದರೆ ಪಕ್ಕದಲ್ಲಿ ಏನಿದೆಯೋ ಅದನ್ನು ಆ ಕ್ಷಣವೇ ಕಚ್ಚುತ್ತದೆ. ಡಿಎನ್‌ಎ ಇರಲಿ, ಪ್ರೋಟೀನ್ ಇರಲಿ, ಕೋಶದ ಪೊರೆಯ ಕೊಬ್ಬಿರಲಿ. ಪೊರೆಯನ್ನು ಕಚ್ಚಿದರೆ ಒಂದಕ್ಕೇ ನಿಲ್ಲುವುದಿಲ್ಲ. ಒಂದು ಕೊಬ್ಬಿನ ಅಣು ಕೆಟ್ಟು ಪಕ್ಕದ್ದನ್ನು ಕೆಡಿಸುತ್ತದೆ, ಅದು ಅದರ ಪಕ್ಕದ್ದನ್ನು. ತೆರೆದಿಟ್ಟ ಎಣ್ಣೆ ಕೆಲವು ವಾರಕ್ಕೆ ಕಮಟು ವಾಸನೆ ಹೊಡೆಯುತ್ತದಲ್ಲ, ಅಲ್ಲಿ ನಡೆಯುವುದೂ ಇದೇ ಸರಪಳಿ. ಮೈಯೊಳಗೆ ಅದು ಸಣ್ಣ ಪ್ರಮಾಣದಲ್ಲಿ ಸದಾ ನಡೆಯುತ್ತಿರುತ್ತದೆ.

ವಿಟಮಿನ್ ಇ ಕೆಲಸ ಮಾಡುವುದು ಇಲ್ಲಿ. ಅದು ಕೊಬ್ಬಿನಲ್ಲಿ ಕರಗುತ್ತದೆ, ಪೊರೆಯೊಳಗೇ ಕೂತಿರುತ್ತದೆ. ಸರಪಳಿ ತನ್ನ ಹತ್ತಿರ ಬಂದಾಗ ತನ್ನದೊಂದು ಎಲೆಕ್ಟ್ರಾನ್ ಕೊಟ್ಟು ಅಲ್ಲಿಗೇ ತುಂಡರಿಸುತ್ತದೆ. ಕೊಟ್ಟ ಮೇಲೆ ತಾನು ಬರಿಗೈ. ಆಗ ನೀರಿನ ಕಡೆಯಿಂದ ವಿಟಮಿನ್ ಸಿ ಬಂದು ಅದನ್ನು ಮತ್ತೆ ಸಜ್ಜು ಮಾಡುತ್ತದೆ. ಈ ಜೋಡಿಯ ಕೆಲಸ ನಿಜವಾಗಿಯೂ ಚಂದ. ಆದರೆ ಒಂದು ವ್ಯತ್ಯಾಸ ಗಮನಿಸಿ. ಕ್ಯಾಟಲೇಸ್ ಒಂದೇ ಅಣು ಲಕ್ಷಗಟ್ಟಲೆ ಶತ್ರುಗಳನ್ನು ಮುಗಿಸಿಯೂ ಹಾಗೇ ಉಳಿದಿರುತ್ತದೆ. ವಿಟಮಿನ್ ಅಣು ಒಂದೆರಡು ಸಲ ಕೊಟ್ಟರೆ ಖಾಲಿ. ಮೈಯ ಕಾವಲಿನ ದೊಡ್ಡ ಭಾರ ಹೊತ್ತಿರುವುದು ಮೈ ತಾನೇ ಮಾಡಿಕೊಳ್ಳುವ ಕಿಣ್ವಗಳು. ನಾವು ತಿನ್ನುವ ಆಂಟಿಆಕ್ಸಿಡೆಂಟ್‌ಗಳು ಅವಕ್ಕೆ ಸಹಾಯಕರು.

ಸೂಪರ್‌ಆಕ್ಸೈಡ್, ಪೆರಾಕ್ಸೈಡ್, ಹೈಡ್ರಾಕ್ಸಿಲ್ ಇವನ್ನೆಲ್ಲ ಒಟ್ಟಾಗಿ ಕಿಡಿ ಅನ್ನೋಣ. ಹುಟ್ಟುವ ಕಿಡಿ ಮತ್ತು ಆರಿಸುವ ಶಕ್ತಿ ಸಮವಾಗಿದ್ದರೆ ಎಲ್ಲ ಸರಿ. ಕಿಡಿಯ ಕಡೆ ತಕ್ಕಡಿ ಬಾಗಿದರೆ ಅದನ್ನು ಆಕ್ಸಿಡೇಟಿವ್ ಸ್ಟ್ರೆಸ್ ಅನ್ನುತ್ತಾರೆ. 1985ರಲ್ಲಿ ಹೆಲ್ಮುಟ್ ಸೀಸ್ ಎಂಬ ಜರ್ಮನ್ ವಿಜ್ಞಾನಿ ಈ ಹೆಸರನ್ನು ಚಲಾವಣೆಗೆ ತಂದರು. ಮನಸ್ಸಿನ ಟೆನ್ಷನ್‌ಗೂ ಇದಕ್ಕೂ ಹೆಸರಿನ ಸಾಮ್ಯ ಬಿಟ್ಟರೆ ನೇರ ನಂಟಿಲ್ಲ. ಎರಡನ್ನೂ ಬೆರೆಸಿ ಬರೆದ ಲೇಖನಗಳನ್ನು ನೋಡಿ ನೋಡಿ ಸಾಕಾಗಿದೆ, ಅದಕ್ಕೇ ಹೇಳಿದೆ.

ಕಿಡಿ ಬೇಕು ಕೂಡ

ಇಲ್ಲಿ ಒಂದು ತಪ್ಪು ಕಲ್ಪನೆ ತೆಗೆಯಬೇಕು. ಫ್ರೀ ರ್ಯಾಡಿಕಲ್ ಅಂದರೆ ವಿಷ, ಪೂರ್ತಿ ಇಲ್ಲದಂತೆ ಮಾಡಿದರೆ ಆರೋಗ್ಯ ಅಂತ ಅಂದುಕೊಂಡರೆ ತಪ್ಪು.

ಬಿಳಿ ರಕ್ತಕಣಗಳು ಬ್ಯಾಕ್ಟೀರಿಯಾವನ್ನು ನುಂಗಿ ಕೊಲ್ಲುವಾಗ ಬೇಕಂತಲೇ ಸೂಪರ್‌ಆಕ್ಸೈಡ್ ತಯಾರಿಸುತ್ತವೆ. ಅದಕ್ಕೆಂದೇ ಎನ್‌ಎಡಿಪಿಎಚ್ ಆಕ್ಸಿಡೇಸ್ ಎಂಬ ಕಿಣ್ವ ಇದೆ. ಹುಟ್ಟಿನಿಂದಲೇ ಈ ಕಿಣ್ವ ಸರಿಯಾಗಿ ಕೆಲಸ ಮಾಡದ ಮಕ್ಕಳಿದ್ದಾರೆ. ಅವರಿಗೆ ಸೋಂಕಿನ ಮೇಲೆ ಸೋಂಕು, ಪ್ರಾಣಕ್ಕೇ ಕುತ್ತು. ಇನ್ನೂ ಸೂಕ್ಷ್ಮವಾದ ಕೆಲಸವೊಂದಿದೆ. ಇನ್ಸುಲಿನ್ ಬಂದು ಕೋಶದ ಬಾಗಿಲು ತಟ್ಟಿದಾಗ ಒಳಗೆ ಸ್ವಲ್ಪ ಪೆರಾಕ್ಸೈಡ್ ಹುಟ್ಟುತ್ತದೆ. ಅದು ಇನ್ಸುಲಿನ್ನಿನ ಸಂದೇಶವನ್ನು ಅಳಿಸುವ ಕಿಣ್ವಗಳನ್ನು ಸ್ವಲ್ಪ ಹೊತ್ತು ಸುಮ್ಮನಿರಿಸುತ್ತದೆ. ಅಂದರೆ ಸ್ವಲ್ಪ ಕಿಡಿ ಸಂದೇಶ, ಜಾಸ್ತಿ ಕಿಡಿ ಬೆಂಕಿ. ಈ ಸಾಲನ್ನು ಮರೆತರೆ ಮುಂದೆ ಬರುವ ಪ್ರಯೋಗಗಳು ಅರ್ಥವಾಗುವುದಿಲ್ಲ.

ತುಂಬಿದ ಉಗ್ರಾಣ

ಈಗ ಬೊಜ್ಜಿಗೆ ಬರೋಣ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2022ರಲ್ಲಿ ಪ್ರಪಂಚದಲ್ಲಿ ಸುಮಾರು 89 ಕೋಟಿ ವಯಸ್ಕರಿಗೆ ಬೊಜ್ಜಿತ್ತು. ಮಕ್ಕಳನ್ನೂ ಸೇರಿಸಿದರೆ ಪ್ರತಿ 8 ಜನರಲ್ಲಿ ಒಬ್ಬರಿಗೆ.

ಕೊಬ್ಬು ಅಂದರೆ ಸುಮ್ನೆ ಬಿದ್ದಿರುವ ಗೋಣಿಚೀಲ ಅಂತ ಹಿಂದೆ ಅಂದುಕೊಂಡಿದ್ದರು. 1990ರ ದಶಕದಲ್ಲಿ ಆ ನಂಬಿಕೆ ಮುರಿಯಿತು. ಕೊಬ್ಬಿನ ಕೋಶಗಳು ಹಾರ್ಮೋನ್ ತಯಾರಿಸುತ್ತವೆ, ಮೆದುಳಿಗೆ, ಲಿವರ್‌ಗೆ, ಸ್ನಾಯುಗಳಿಗೆ ಸುದ್ದಿ ಕಳಿಸುತ್ತವೆ. 1994ರಲ್ಲಿ ಹಸಿವು ತಗ್ಗಿಸುವ ಲೆಪ್ಟಿನ್ ಎಂಬ ಹಾರ್ಮೋನ್ ಸಿಕ್ಕಿತು. ಅದರ ಬೆನ್ನಿಗೇ ಅಡಿಪೊನೆಕ್ಟಿನ್ ಸಿಕ್ಕಿತು. ಅದು ಇನ್ಸುಲಿನ್ನಿನ ಕೆಲಸ ಸುಗಮ ಮಾಡುವ ಒಳ್ಳೆಯ ಹಾರ್ಮೋನ್. ವಿಚಿತ್ರ ಅಂದರೆ, ಕೊಬ್ಬಿನಿಂದಲೇ ಬರುವ ಇದು ಕೊಬ್ಬು ಹೆಚ್ಚಿದಂತೆ ಕಡಿಮೆಯಾಗುತ್ತದೆ.

ದೊಡ್ಡವರಾದ ಮೇಲೆ ಕೊಬ್ಬಿನ ಕೋಶಗಳ ಸಂಖ್ಯೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ವರ್ಷಕ್ಕೆ ಸುಮಾರು 10% ಸತ್ತು ಅಷ್ಟೇ ಹೊಸವು ಹುಟ್ಟುತ್ತವೆ. ಆದ್ದರಿಂದ ತೂಕ ಏರಿದಾಗ ಹೆಚ್ಚಾಗಿ ಆಗುವುದು ಇದ್ದ ಕೋಶಗಳೇ ಉಬ್ಬುವುದು. ಉಬ್ಬಿ ಉಬ್ಬಿ ಒಂದು ಹಂತಕ್ಕೆ ಅವು ಒದ್ದಾಡುತ್ತವೆ. ಕೆಲವು ಸಾಯುತ್ತವೆ. ಸತ್ತ ಕೋಶದ ಜಿಡ್ಡನ್ನು ಬಳಿಯಲು ಮ್ಯಾಕ್ರೋಫೇಜ್ ಎಂಬ ಬಿಳಿ ರಕ್ತಕಣಗಳು ಬರುತ್ತವೆ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಒಂದು ದೊಡ್ಡ ಜಿಡ್ಡಿನ ಹನಿ, ಅದರ ಸುತ್ತ ಕಿರೀಟದ ಹಾಗೆ ಮುತ್ತಿಕೊಂಡ ಚಿಕ್ಕ ಚಿಕ್ಕ ಕಣಗಳು. ವಿಜ್ಞಾನಿಗಳೂ ಅದಕ್ಕೆ ಕಿರೀಟದ ಹೆಸರನ್ನೇ ಇಟ್ಟಿದ್ದಾರೆ. ಬೊಜ್ಜಿದ್ದವರ ಕೊಬ್ಬಿನಲ್ಲಿ ಮ್ಯಾಕ್ರೋಫೇಜ್‌ಗಳು ಗುಂಪುಗಟ್ಟಿರುತ್ತವೆ ಎಂಬುದನ್ನು 2003ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ತೋರಿಸಿದವು.

ಮ್ಯಾಕ್ರೋಫೇಜ್ ಎಲ್ಲಿದೆಯೋ ಅಲ್ಲಿ ಕಿಡಿ ಇದೆ. ಬ್ಯಾಕ್ಟೀರಿಯಾ ಕೊಲ್ಲಲು ಕೊಟ್ಟ ಆಯುಧವನ್ನೇ ಅವು ಇಲ್ಲೂ ಬಳಸುತ್ತವೆ. ಜೊತೆಗೆ ಉರಿಯೂತದ ಸಂದೇಶಗಳನ್ನು ಸುತ್ತಲೂ ಹಂಚುತ್ತವೆ. 2004ರಲ್ಲಿ ಜಪಾನಿನ ತಂಡವೊಂದು ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಬೊಜ್ಜಿನ ಇಲಿಗಳಲ್ಲಿ ಈ ಎನ್‌ಎಡಿಪಿಎಚ್ ಆಕ್ಸಿಡೇಸ್ ಜಾಸ್ತಿಯಾದದ್ದು ಕೊಬ್ಬಿನಲ್ಲಿ, ಕಾವಲಿನ ಕಿಣ್ವಗಳು ಕಡಿಮೆಯಾದದ್ದೂ ಕೊಬ್ಬಿನಲ್ಲಿ. ಈ ಆಕ್ಸಿಡೇಸ್ ಅನ್ನು ತಡೆಯುವ ಔಷಧ ಕೊಟ್ಟಾಗ ಅಡಿಪೊನೆಕ್ಟಿನ್ ಸುಧಾರಿಸಿತು, ಸಕ್ಕರೆಯೂ ಇಳಿಯಿತು. ಅಂದರೆ ಆಕ್ಸಿಡೇಟಿವ್ ಸ್ಟ್ರೆಸ್ ಬೊಜ್ಜಿನ ಜೊತೆ ಸುಮ್ಮನೆ ಬರುವ ನೆಂಟನಲ್ಲ, ಬೊಜ್ಜಿನ ತೊಂದರೆಗಳಿಗೆ ಅದೂ ಒಂದು ಕಾರಣ.

ಇದು ಒಂದು ಮೂಲ. ಇನ್ನೊಂದು ನಮ್ಮ ಇಟ್ಟಿಗೆಯ ಸಾಲು. ಯೋಚಿಸಿ ನೋಡಿ. ಹೊಟ್ಟೆ ತುಂಬಾ ತಿಂದು ಕುರ್ಚಿಯಲ್ಲಿ ಕೂತರೆ ಏನಾಗುತ್ತದೆ? ಈ ಕಡೆಯಿಂದ ಇಟ್ಟಿಗೆಗಳು ಬರುತ್ತಲೇ ಇವೆ. ಆ ಕಡೆ ಗೋಡೆ ಕಟ್ಟುವ ಕೆಲಸ ನಿಂತಿದೆ. ಸಾಲಿನಲ್ಲಿ ಎಲ್ಲರ ಕೈಯೂ ಭರ್ತಿ. ಆಗಲೇ ಕೈ ತಪ್ಪುವುದು ಜಾಸ್ತಿ. ಮೈಟೊಕಾಂಡ್ರಿಯಾದಲ್ಲೂ ಹಾಗೆಯೇ. ಇಂಧನ ಜಾಸ್ತಿ, ಶಕ್ತಿಯ ಬೇಡಿಕೆ ಕಡಿಮೆ ಆದಾಗ ಎಲೆಕ್ಟ್ರಾನ್ ಸೋರಿಕೆ ಏರುತ್ತದೆ. ತುಂಬಿದ ಕೋಶ ಇನ್ಸುಲಿನ್ನಿನ ಮಾತು ಕೇಳದಿರುವುದೂ ಒಂದು ರೀತಿಯ ಆತ್ಮರಕ್ಷಣೆ, "ಸಾಕಪ್ಪಾ, ಇನ್ನು ಒಳಗೆ ಕಳಿಸಬೇಡ" ಎಂದು ಬಾಗಿಲು ಹಾಕಿಕೊಂಡ ಹಾಗೆ ಎಂದು ಕೆಲವು ಸಂಶೋಧಕರು ಹೇಳುತ್ತಾರೆ. ನನಗೂ ಈ ಓದು ಹಿಡಿಸುತ್ತದೆ.

ಕಿಡಿ ಏಳಲು ವರ್ಷಗಳು ಬೇಕಿಲ್ಲ. 2000ದಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ ಆರೋಗ್ಯವಂತರಿಗೇ 75 ಗ್ರಾಂ ಗ್ಲೂಕೋಸ್ ಕುಡಿಸಿದರು. ಸಕ್ಕರೆ ಕಾಯಿಲೆ ಪರೀಕ್ಷೆಗೆ ಕುಡಿಸುವಷ್ಟೇ. ಒಂದೆರಡು ಗಂಟೆಯಲ್ಲಿ ಅವರ ಬಿಳಿ ರಕ್ತಕಣಗಳಿಂದ ಬರುವ ಕಿಡಿ ಸ್ಪಷ್ಟವಾಗಿ ಏರಿತ್ತು. ಒಂದು ಲೋಟದಿಂದ ಹೀಗೆ. ದಿನಕ್ಕೆ ಐದಾರು ಸಲ ಹೀಗಾದರೆ?

ಇಡೀ ಮೈಯಲ್ಲಿ ಎಷ್ಟು ಕಮಟು ನಡೆದಿದೆ ಎಂದು ಅಳೆಯಲು ಐಸೊಪ್ರೊಸ್ಟೇನ್ ಎಂಬ ಗುರುತು ಇದೆ. ಪೊರೆಯ ಕೊಬ್ಬು ಕೆಟ್ಟಾಗ ಹುಟ್ಟಿ ಮೂತ್ರದಲ್ಲಿ ಹೊರಬರುವ ವಸ್ತು. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನ ಹೃದಯ ಅಧ್ಯಯನದ 2,828 ಜನರ ಮೂತ್ರದಲ್ಲಿ ಇದನ್ನು ಅಳೆದು 2003ರಲ್ಲಿ ವರದಿ ಮಾಡಿದರು. ಸಿಗರೇಟು, ಸಕ್ಕರೆ ಕಾಯಿಲೆ ಮತ್ತು ಬೊಜ್ಜು, ಈ ಮೂರರ ಜೊತೆಗೂ ಅದು ಏರಿತ್ತು. ಬೊಜ್ಜಿನೊಳಗೂ ವ್ಯತ್ಯಾಸ ಇದೆ. ತೊಡೆಯ ಚರ್ಮದ ಕೆಳಗಿನ ಕೊಬ್ಬು ಅಷ್ಟು ಗಲಾಟೆ ಮಾಡುವುದಿಲ್ಲ. ಹೊಟ್ಟೆಯೊಳಗೆ ಕರುಳು, ಲಿವರ್ ಸುತ್ತ ಕೂತದ್ದು ಮಾಡುತ್ತದೆ. ಅದಕ್ಕೇ ಡಾಕ್ಟರು ತೂಕದ ಜೊತೆ ಸೊಂಟದ ಸುತ್ತಳತೆಯನ್ನೂ ಕೇಳುವುದು.

ಮಾತ್ರೆ ಸೋತ ಕತೆ

ಬೊಜ್ಜಿದ್ದವರ ರಕ್ತದಲ್ಲಿ ವಿಟಮಿನ್ ಸಿ, ಕ್ಯಾರೊಟಿನಾಯ್ಡ್‌ಗಳು (ಕ್ಯಾರೆಟ್, ಟೊಮೆಟೊಗಳಿಗೆ ಬಣ್ಣ ಕೊಡುವ ವಸ್ತುಗಳು) ಸಾಮಾನ್ಯವಾಗಿ ಕಡಿಮೆ ಇರುತ್ತವೆ. ತಟ್ಟೆಯಲ್ಲಿ ಹಣ್ಣು ತರಕಾರಿ ಕಡಿಮೆ ಇರುವುದು ಒಂದು ಕಾರಣ. ಕಿಡಿ ಆರಿಸಲು ಖರ್ಚಾಗುವುದು ಇನ್ನೊಂದು. ಕ್ಯಾರೊಟಿನಾಯ್ಡ್‌ಗಳ ವಿಷಯದಲ್ಲಿ ಮೂರನೆಯದೂ ಇದೆ: ಅವು ಕೊಬ್ಬಿನಲ್ಲಿ ಕರಗುತ್ತವೆ, ಆದ್ದರಿಂದ ಕೊಬ್ಬಿನೊಳಗೇ ಹೋಗಿ ಕೂರುತ್ತವೆ, ರಕ್ತದಲ್ಲಿ ಕಾಣುವುದಿಲ್ಲ.

ಕಡಿಮೆ ಇದ್ದರೆ ಹಾಕಿದರಾಯಿತಲ್ಲ! 1980ರ ದಶಕದಲ್ಲಿ ವಿಜ್ಞಾನಿಗಳೂ ಹಾಗೇ ಯೋಚಿಸಿದರು. ಹಣ್ಣು ತರಕಾರಿ ಜಾಸ್ತಿ ತಿನ್ನುವವರಿಗೆ ಕ್ಯಾನ್ಸರ್, ಹೃದಯದ ಕಾಯಿಲೆ ಕಡಿಮೆ ಅಂತ ಕಂಡಿತ್ತು. ಅವುಗಳಲ್ಲಿ ಬೀಟಾ ಕ್ಯಾರೊಟಿನ್ ಎಂಬ ಕ್ಯಾರೊಟಿನಾಯ್ಡ್ ಇದೆ. ಹಾಗಾದರೆ ಬೀಟಾ ಕ್ಯಾರೊಟಿನ್ ಮಾತ್ರೆ ಕೊಟ್ಟು ನೋಡೋಣ ಅಂದುಕೊಂಡರು. ಫಿನ್ಲೆಂಡಿನಲ್ಲಿ ಸಿಗರೇಟು ಸೇದುವ 29,133 ಗಂಡಸರ ಮೇಲೆ ದೊಡ್ಡ ಪ್ರಯೋಗ ನಡೆಯಿತು. 1994ರಲ್ಲಿ ಫಲಿತಾಂಶ ಬಂದಾಗ ಎಲ್ಲರಿಗೂ ಶಾಕ್. ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೊಟಿನ್ ತೆಗೆದುಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ 18% ಜಾಸ್ತಿ ಇತ್ತು. ಇದೇನೋ ಆಕಸ್ಮಿಕ ಇರಬೇಕು ಅಂದವರಿದ್ದರು. ಅಷ್ಟರಲ್ಲಿ ಅಮೆರಿಕದಲ್ಲಿ 18,314 ಜನರ ಮೇಲೆ ನಡೆಯುತ್ತಿದ್ದ ಅಂಥದೇ ಪ್ರಯೋಗವನ್ನು 1996ರ ಜನವರಿಯಲ್ಲಿ ಅವಧಿಗೆ ಮುಂಚೆಯೇ ನಿಲ್ಲಿಸಬೇಕಾಯಿತು. ಅಲ್ಲಿ ಶ್ವಾಸಕೋಶದ ಕ್ಯಾನ್ಸರ್ 28% ಜಾಸ್ತಿ, ಸಾವು 17% ಜಾಸ್ತಿ.

ಹೃದಯದ ವಿಷಯದಲ್ಲೂ ಕತೆ ಇಷ್ಟೇ. ಬ್ರಿಟನ್ನಿನಲ್ಲಿ 20,536 ಜನರಲ್ಲಿ ಅರ್ಧದಷ್ಟು ಜನರಿಗೆ ವಿಟಮಿನ್ ಇ, ಸಿ, ಬೀಟಾ ಕ್ಯಾರೊಟಿನ್ ಮೂರನ್ನೂ ಸೇರಿಸಿ 5 ವರ್ಷ ಕೊಟ್ಟು ನೋಡಿದರು. ರಕ್ತದಲ್ಲಿ ವಿಟಮಿನ್ ಮಟ್ಟ ಚೆನ್ನಾಗಿಯೇ ಏರಿತು. ಹಾರ್ಟ್ ಅಟ್ಯಾಕ್ ಮಾತ್ರ ಒಂದಿಷ್ಟೂ ಕಡಿಮೆಯಾಗಲಿಲ್ಲ. ವಿಟಮಿನ್ ಇ ಕೊಟ್ಟ ಇನ್ನೊಂದು ಪ್ರಯೋಗದಲ್ಲಿ 35,533 ಗಂಡಸರಿದ್ದರು. ಅಲ್ಲಿ ವಿಟಮಿನ್ ಇ ಮಾತ್ರ ತೆಗೆದುಕೊಂಡವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ 17% ಏರಿತು. 2012ರಲ್ಲಿ, ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಮಾಡಿ ಪರಿಶೀಲಿಸುವ ಕೊಕ್ರೇನ್ ತಂಡ 78 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದಾಗಲೂ ಈ ಮಾತ್ರೆಗಳು ಆಯಸ್ಸು ಹೆಚ್ಚಿಸಿದ ಲಕ್ಷಣ ಕಾಣಲಿಲ್ಲ. ಬೀಟಾ ಕ್ಯಾರೊಟಿನ್ ಮತ್ತು ವಿಟಮಿನ್ ಇ ವಿಷಯದಲ್ಲಿ ಸಾವು ತುಸು ಜಾಸ್ತಿಯೇ ಇರಬಹುದೆಂದು ಕಂಡಿತು.

ಯಾಕೆ ಹೀಗೆ? ಹಿಂದೆ ಹೇಳಿದ್ದರಲ್ಲೇ ಉತ್ತರ ಇದೆ. ಹೈಡ್ರಾಕ್ಸಿಲ್ ಹುಟ್ಟಿದ ಕ್ಷಣವೇ ಪಕ್ಕದ್ದನ್ನು ಕಚ್ಚುತ್ತದೆ. ಅಷ್ಟರೊಳಗೆ ವಿಟಮಿನ್ ಅಲ್ಲಿಗೆ ಓಡಿ ಬರುವುದು ಆಗದ ಮಾತು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ. ಪೆರಾಕ್ಸೈಡ್ ಅನ್ನಂತೂ ವಿಟಮಿನ್‌ಗಳು ಹೆಚ್ಚೇನೂ ಮುಟ್ಟುವುದಿಲ್ಲ, ಅದು ಕಿಣ್ವಗಳ ಕೆಲಸ. ಇನ್ನೊಂದು, ದೊಡ್ಡ ಡೋಸ್ ಮಾತ್ರೆ ಒಳ್ಳೆಯ ಕಿಡಿಯನ್ನೂ ನಂದಿಸಬಹುದು.

ಇದನ್ನು ಚೆನ್ನಾಗಿ ತೋರಿಸಿದ್ದು 2009ರ ಒಂದು ಜರ್ಮನ್ ಪ್ರಯೋಗ. ಯುವಕರಿಗೆ 4 ವಾರ ವ್ಯಾಯಾಮ ಮಾಡಿಸಿದರು. ಅರ್ಧ ಜನರಿಗೆ ದಿನಾ 1,000 ಮಿಲಿಗ್ರಾಂ ವಿಟಮಿನ್ ಸಿ, 400 ಐಯು (ವಿಟಮಿನ್ ಅಳೆಯುವ ಅಂತರರಾಷ್ಟ್ರೀಯ ಅಳತೆ) ವಿಟಮಿನ್ ಇ. ಇನ್ನರ್ಧಕ್ಕೆ ಇಲ್ಲ. ವ್ಯಾಯಾಮ ಮಾಡಿದರೆ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡಬೇಕು. ಮಾತ್ರೆ ಇಲ್ಲದವರಲ್ಲಿ ಹಾಗೇ ಆಯಿತು. ಮಾತ್ರೆ ತೆಗೆದುಕೊಂಡವರಲ್ಲಿ ಆ ಲಾಭ ಕಾಣಲಿಲ್ಲ! ಓಡುವಾಗ ಸ್ನಾಯುಗಳಲ್ಲಿ ಏಳುವ ಕಿಡಿಯೇ "ಕಾವಲು ಹೆಚ್ಚಿಸಿ, ಹೊಸ ಒಲೆ ಹಾಕಿ" ಎಂಬ ಆದೇಶ. ಮಾತ್ರೆ ಆ ಆದೇಶದ ಕಾಗದವನ್ನೇ ಒರೆಸಿ ಹಾಕಿತ್ತು. ಮುಂದೆ ನಡೆದ ಎಲ್ಲ ಪ್ರಯೋಗಗಳಲ್ಲೂ ಇಷ್ಟೇ ಖಡಕ್ ಫಲಿತಾಂಶ ಬಂದಿಲ್ಲ, ನಿಜ. ಆದರೂ ತೂಕ ಇಳಿಸಲು ಜಿಮ್‌ಗೆ ಹೋಗುವವರು ಹೊರಡುವ ಮುಂಚೆ ದೊಡ್ಡ ಡೋಸ್ ಆಂಟಿಆಕ್ಸಿಡೆಂಟ್ ನುಂಗುವುದನ್ನು ನೋಡಿದಾಗ ನನಗೆ ಈ ಪ್ರಯೋಗ ನೆನಪಾಗುತ್ತದೆ.

ಮಾತ್ರೆಗೆ ಒಂದು ಗೆಲುವು ಮಾತ್ರ ಒಪ್ಪಿಕೊಳ್ಳಬೇಕು. ಬೊಜ್ಜಿನ ಜೊತೆ ಲಿವರ್‌ನಲ್ಲಿ ಕೊಬ್ಬು ತುಂಬಿ ಉರಿಯೂತ ಆಗುವ ಕಾಯಿಲೆ ಇದೆ. ಸಕ್ಕರೆ ಕಾಯಿಲೆ ಇಲ್ಲದ ಅಂಥ 247 ರೋಗಿಗಳ ಪ್ರಯೋಗ 2010ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ 96 ವಾರ ದಿನಾ 800 ಐಯು ವಿಟಮಿನ್ ಇ ಕೊಟ್ಟಿದ್ದರು. ಅವರಲ್ಲಿ 43% ಜನರ ಲಿವರ್ ಸುಧಾರಿಸಿತ್ತು, ಔಷಧವಿಲ್ಲದ ಹುಸಿ ಮಾತ್ರೆಯವರಲ್ಲಿ 19%. ಆದರೆ ಲಿವರ್‌ನ ಗಾಯದ ಕಲೆ ಮಾತ್ರ ಹೇಳಿಕೊಳ್ಳುವಷ್ಟು ಮಾಯಲಿಲ್ಲ. ಇದು ಡಾಕ್ಟರು ಬಯಾಪ್ಸಿ ನೋಡಿ ಕೊಡುವ ಔಷಧ, ನಾವೇ ಕೊಂಡು ತಿನ್ನುವುದಲ್ಲ. ರಕ್ತ ತೆಳು ಮಾಡುವ ಮಾತ್ರೆ ನುಂಗುವವರಿಗೆ ಹೆಚ್ಚಿನ ವಿಟಮಿನ್ ಇ ರಕ್ತಸ್ರಾವದ ಅಪಾಯ ತರುತ್ತದೆ. ವಿಟಮಿನ್ ಸಿ ಅತಿಯಾದರೆ ಕಿಡ್ನಿ ಕಲ್ಲಿನ ಭಯ.

ಹಾಗಾದರೆ ಹಣ್ಣು ತರಕಾರಿ?

ಮಾತ್ರೆ ಸೋತಿತು ಅಂದರೆ ಹಣ್ಣು ತರಕಾರಿ ಸೋತಿತು ಅಂತಲ್ಲ. ಅವು ಗೆಲ್ಲುವ ದಾರಿ ಬೇರೆ.

2004ರಲ್ಲಿ ಒಂದು ಮಜವಾದ ಪ್ರಯೋಗ ವರದಿಯಾಯಿತು. ಆರೋಗ್ಯವಂತರಿಗೆ 5 ಸೇಬು ತಿನ್ನಿಸಿ ರಕ್ತ ತೆಗೆದರು. ರಕ್ತದ ಆಂಟಿಆಕ್ಸಿಡೆಂಟ್ ಶಕ್ತಿ ಏರಿತ್ತು. ಸೇಬಿನ ಪಾಲಿಫಿನಾಲ್‌ಗಳ (ಗಿಡಗಳಲ್ಲಿರುವ ಆಂಟಿಆಕ್ಸಿಡೆಂಟ್ ವಸ್ತುಗಳ) ಮಹಿಮೆ ಅಂತ ಚಪ್ಪಾಳೆ ತಟ್ಟಬಹುದಿತ್ತು. ಆದರೆ ಅವರು ಇನ್ನೂ ಆಳಕ್ಕೆ ನೋಡಿದರು. ಏರಿದ್ದು ಯೂರಿಕ್ ಆಸಿಡ್! ಸೇಬಿನ ಫ್ರಕ್ಟೋಸ್ ಸಕ್ಕರೆಯಿಂದ ಲಿವರ್ ಅದನ್ನು ಮಾಡಿತ್ತು. ಯೂರಿಕ್ ಆಸಿಡ್ ಕೂಡ ಆಂಟಿಆಕ್ಸಿಡೆಂಟೇ, ಹೆಚ್ಚಾದರೆ ಕೀಲು ಊದಿ ನೋಯುವ ಗೌಟ್ ಕಾಯಿಲೆ ತರುವುದೂ ಅದೇ. ಪಾಲಿಫಿನಾಲ್‌ಗಳು ರಕ್ತಕ್ಕೆ ಸೇರುವುದು ತೀರಾ ಕಡಿಮೆ, ಸೇರಿದ್ದೂ ರೂಪ ಬದಲಾಯಿಸಿಕೊಂಡು ಬೇಗ ಹೊರಹೋಗುತ್ತದೆ.

ಆಹಾರದ ಆಂಟಿಆಕ್ಸಿಡೆಂಟ್ ಶಕ್ತಿಯನ್ನು ಪರೀಕ್ಷಾ ನಳಿಕೆಯಲ್ಲಿ ಅಳೆದು ಅಂಕ ಕೊಡುವ ಓರಾಕ್ ಎಂಬ ಪದ್ಧತಿ ಇತ್ತು. ಸೂಪರ್‌ಫುಡ್ ಎಂಬ ಪದ ಬೆಳೆದದ್ದೇ ಅದರ ಹೆಗಲ ಮೇಲೆ. ಅಮೆರಿಕದ ಕೃಷಿ ಇಲಾಖೆ ಆ ಅಂಕಗಳ ಪಟ್ಟಿಯನ್ನು 2012ರಲ್ಲಿ ತೆಗೆದುಹಾಕಿತು. ನಳಿಕೆಯ ಅಂಕಕ್ಕೂ ಮನುಷ್ಯರ ಆರೋಗ್ಯಕ್ಕೂ ತಾಳೆಯಾಗುವುದಿಲ್ಲ ಎಂಬುದು ಅವರು ಕೊಟ್ಟ ಕಾರಣ. ಅಂಕಪಟ್ಟಿ ಹೋದರೂ ಜಾಹೀರಾತು ಹೋಗಿಲ್ಲ.

ಸೊಪ್ಪು ತರಕಾರಿಯ ಅಸಲಿ ಕೆಲಸ ಬಹುಶಃ ಕಾವಲುಗಾರರನ್ನು ಎಬ್ಬಿಸುವುದು. ಕೋಶದಲ್ಲಿ ಎನ್‌ಆರ್‌ಎಫ್2 ಎಂಬ ಪ್ರೋಟೀನ್ ಇದೆ. ಕೀಪ್1 ಎಂಬ ಇನ್ನೊಂದು ಪ್ರೋಟೀನ್ ಅದನ್ನು ಹಿಡಿದು ಕಟ್ಟಿಹಾಕಿರುತ್ತದೆ. ಸಣ್ಣ ತೊಂದರೆಯ ಸುಳಿವು ಸಿಕ್ಕಿದರೆ ಹಿಡಿತ ಸಡಿಲವಾಗುತ್ತದೆ. ಎನ್‌ಆರ್‌ಎಫ್2 ನೇರ ಕೋಶಕೇಂದ್ರಕ್ಕೆ ಹೋಗಿ ಗ್ಲುಟಾಥಯೋನ್ (ಮೈ ತಾನೇ ಮಾಡಿಕೊಳ್ಳುವ ಒಂದು ಆಂಟಿಆಕ್ಸಿಡೆಂಟ್) ತಯಾರಿಯ ಕಿಣ್ವಗಳೂ ಸೇರಿ ಕಾವಲಿನ ಹತ್ತಾರು ಜೀನ್‌ಗಳನ್ನು ಚಾಲೂ ಮಾಡುತ್ತದೆ. ಬ್ರೊಕೊಲಿಯ ಸಲ್ಫೊರಫೇನ್ ಈ ಹಿಡಿತ ಬಿಡಿಸುವ ವಸ್ತು. 1992ರಲ್ಲಿ ಪಾಲ್ ಟಲಾಲೆ ಅವರ ತಂಡ ಅದನ್ನು ಬೇರ್ಪಡಿಸಿತು. ತಮಾಷೆ ನೋಡಿ, ಇದು ಗಿಡ ತನ್ನನ್ನು ತಿನ್ನಲು ಬರುವ ಹುಳಗಳನ್ನು ಓಡಿಸಲು ಮಾಡಿಕೊಂಡ ಖಾರ. ನಮ್ಮ ಕೋಶಕ್ಕೂ ಅದು ಒಂದು ಚಿಕ್ಕ ಚುರುಕು ಮುಟ್ಟಿಸುತ್ತದೆ, ಅಷ್ಟಕ್ಕೇ ಕಾವಲು ಎಚ್ಚರಗೊಳ್ಳುತ್ತದೆ. ಅಂದರೆ ಆಂಟಿಆಕ್ಸಿಡೆಂಟ್ ಎಂದು ನಾವು ಹೊಗಳುವ ಕೆಲವು ವಸ್ತುಗಳು ಕೋಶಕ್ಕೆ ಸ್ವಲ್ಪ ತೊಂದರೆ ಕೊಟ್ಟೇ ಉಪಕಾರ ಮಾಡುತ್ತವೆ. ಬ್ರೊಕೊಲಿಯೊಳಗೆ ಇದು ಸಿದ್ಧವಾಗಿ ಇರುವುದಿಲ್ಲ. ಹೆಚ್ಚಿದಾಗ, ಅಗಿದಾಗ ಕಿಣ್ವವೊಂದು ಬೆರೆತು ಹುಟ್ಟುತ್ತದೆ. ಜಾಸ್ತಿ ಬೇಯಿಸಿದರೆ ಆ ಕಿಣ್ವ ಸಾಯುತ್ತದೆ. ಹೆಚ್ಚಿ ಸ್ವಲ್ಪ ಹೊತ್ತು ಬಿಟ್ಟು ಆಮೇಲೆ ಬೇಯಿಸಿದರೆ ಒಳ್ಳೆಯದು.

ಟೊಮೆಟೊದ ಲೈಕೊಪಿನ್ ಇದಕ್ಕೆ ಉಲ್ಟಾ. ಹಸಿಯದಕ್ಕಿಂತ ಸ್ವಲ್ಪ ಎಣ್ಣೆಯಲ್ಲಿ ಬೇಯಿಸಿದ್ದರಿಂದ ಮೈಗೆ ಹೆಚ್ಚು ಸಿಗುತ್ತದೆ. ವಿಟಮಿನ್ ಸಿ ನೀರಿಗೆ ಇಳಿದುಹೋಗುತ್ತದೆ, ಬೇಯಿಸಿದ ನೀರು ಚೆಲ್ಲಿದರೆ ಅದೂ ಹೋಯಿತು. ಬಾದಾಮಿ, ಸೂರ್ಯಕಾಂತಿ ಬೀಜದಲ್ಲಿ ವಿಟಮಿನ್ ಇ ಧಾರಾಳ. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು ಸುಮಾರು 15 ಮಿಲಿಗ್ರಾಂ ಅಷ್ಟೇ.

ಹಣ್ಣು ತರಕಾರಿ ತಟ್ಟೆಯಲ್ಲಿ ಮಾಡುವ ಇನ್ನೊಂದು ಕೆಲಸ ಯಾವ ವಿಟಮಿನ್ ಪಟ್ಟಿಯಲ್ಲೂ ಬರುವುದಿಲ್ಲ. ಅವು ಜಾಗ ಹಿಡಿಯುತ್ತವೆ. ನಾರು, ನೀರು ತುಂಬಿರುವುದರಿಂದ ಕಡಿಮೆ ಕ್ಯಾಲೊರಿಗೇ ಹೊಟ್ಟೆ ತುಂಬುತ್ತದೆ. ಸಕ್ಕರೆ ನಿಧಾನಕ್ಕೆ ರಕ್ತಕ್ಕೆ ಇಳಿಯುತ್ತದೆ. ಸಾಲಿಗೆ ಬರುವ ಇಟ್ಟಿಗೆಗಳೇ ಕಡಿಮೆಯಾಗುತ್ತವೆ. ಹಣ್ಣನ್ನು ಜ್ಯೂಸ್ ಮಾಡಿ ಸೋಸಿದರೆ ಈ ಗುಣ ಹೆಚ್ಚುಪಾಲು ಜರಡಿಯಲ್ಲೇ ಉಳಿಯುತ್ತದೆ. ಡಾರ್ಕ್ ಚಾಕಲೇಟಿನಲ್ಲೂ ಆಂಟಿಆಕ್ಸಿಡೆಂಟ್ ಇದೆ ಅಂತ ಖುಷಿಪಡುವವರು ಅದರ 100 ಗ್ರಾಂನಲ್ಲಿ 550ಕ್ಕೂ ಹೆಚ್ಚು ಕ್ಯಾಲೊರಿ ಇದೆ ಎಂಬುದನ್ನೂ ಓದಬೇಕು. ನಾನು ಓದಿಯೂ ತಿನ್ನುತ್ತೇನೆ, ಅದು ಬೇರೆ ಮಾತು. ಆದರೆ ಔಷಧ ಅಂತ ಅಲ್ಲ.

ಕಿಡಿಯ ಮೂಲವನ್ನೇ ತಗ್ಗಿಸಿದರೆ ಏನಾಗುತ್ತದೆ ಎಂಬುದನ್ನೂ ಅಳೆದು ನೋಡಿದ್ದಾರೆ. ಗ್ಲೂಕೋಸ್ ಕುಡಿಸಿದ ಆ ಅಮೆರಿಕದ ತಂಡವೇ 2001ರಲ್ಲಿ ಬೊಜ್ಜಿರುವ ಕೆಲವರಿಗೆ 4 ವಾರ ದಿನಕ್ಕೆ 1,000 ಕ್ಯಾಲೊರಿಯ ಊಟ ಕೊಟ್ಟಿತು. ಇಷ್ಟು ಕಡಿಮೆ ಊಟ ಡಾಕ್ಟರ ಕಣ್ಗಾವಲಿನಲ್ಲಿ ಮಾತ್ರ ಸರಿ. ತಿಂಗಳ ಕೊನೆಗೆ ತೂಕ ಇಳಿದದ್ದು ಕೆಲವೇ ಕಿಲೋ, ಎಲ್ಲರಿಗೂ ಬೊಜ್ಜು ಇನ್ನೂ ಹಾಗೇ ಇತ್ತು. ಆದರೆ ಅವರ ಬಿಳಿ ರಕ್ತಕಣಗಳಿಂದ ಬರುತ್ತಿದ್ದ ಕಿಡಿ ಆಗಲೇ ಗಣನೀಯವಾಗಿ ತಗ್ಗಿತ್ತು.